ಏಳೂವರೆಯ ತಿಂಡಿ, ಎಂಟು ಗಂಟೆಯ ಮಾತ್ರೆ

ಬೆಳಗ್ಗೆ 7 ಗಂಟೆ 25 ನಿಮಿಷ. ಬೆಂಗಳೂರಿನ ಹೊರವಲಯದಲ್ಲಿ, ಆರೋಗ್ಯವಂತರಿಗೆ ಮಾತ್ರೆ ಕೊಟ್ಟು ರಕ್ತ ಪರೀಕ್ಷಿಸುವ ಒಂದು ಕೇಂದ್ರದ ವಾರ್ಡಿನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಎರಡು ಸಾಲು ಮಂಚ. ಪ್ರತಿ ಮಂಚಕ್ಕೂ ಒಂದು ನಂಬರ್. ಎದುರುಬದುರು ಗೋಡೆಗಳ ಮೇಲೆ ಕೆಂಪು ಅಂಕಿಗಳ ಎರಡು ಗಡಿಯಾರ. ಎರಡರ ನಡುವೆ ಒಂದು ಸೆಕೆಂಡಿನ ವ್ಯತ್ಯಾಸವೂ ಇಲ್ಲ. ಮಂಚದ ಅಂಚಿನಲ್ಲಿ ಕೂತವರೆಲ್ಲ ಒಂದೇ ಬಣ್ಣದ ಅಂಗಿ–ಪೈಜಾಮ ತೊಟ್ಟ ಗಂಡಸರು. ಎಲ್ಲರ ಮುಂಗೈಯಲ್ಲೂ ರಕ್ತ ತೆಗೆಯುವ ಕ್ಯಾನುಲಾ, ಅದರ ಮೇಲೆ ಬಿಳಿ ಪ್ಲಾಸ್ಟರು. ನೆಲ ಒರೆಸಿದ ಫಿನಾಯಿಲ್ ವಾಸನೆ ಇನ್ನೂ ಹೋಗಿಲ್ಲ. ಅದರ ಮೇಲೆಯೇ ಬೆಣ್ಣೆಯಲ್ಲಿ ಹುರಿದ ಆಲೂಗಡ್ಡೆಯ ವಾಸನೆ ಬರುತ್ತಿದೆ.

ಇವರು ನಿನ್ನೆ ಸಂಜೆ ಬಂದವರು. ಕನ್ನಡದಲ್ಲಿ ಅಚ್ಚಾದ ಒಪ್ಪಿಗೆ ಪತ್ರವನ್ನು ಓದಿಸಿಕೊಂಡು, ಪ್ರಶ್ನೆ ಕೇಳಿ, ಸಹಿ ಹಾಕಿದವರು. ಬಾಗಿಲಲ್ಲೇ ಉಸಿರು ಊದಿಸಿ ಮದ್ಯದ ಪರೀಕ್ಷೆ ಆಗಿದೆ. ಜೇಬಿನ ಬೀಡಿ, ಗುಟ್ಕಾ ಹೊರಗಿನ ಲಾಕರಿನಲ್ಲಿವೆ. ರಾತ್ರಿ ಊಟದ ನಂತರ ಹತ್ತು ಗಂಟೆ ಹೊಟ್ಟೆಗೆ ನೀರು ಬಿಟ್ಟರೆ ಬೇರೇನೂ ಬಿದ್ದಿಲ್ಲ. ಈಗ ಎಡಗಡೆಯ ಸಾಲಿಗೆ ಮಾತ್ರ ತಟ್ಟೆಗಳು ಬರುತ್ತಿವೆ. ಬಲಗಡೆಯವರು ಬರಿ ಹೊಟ್ಟೆಯಲ್ಲೇ ಮಾತ್ರೆ ನುಂಗಬೇಕು. ಕೆಲವು ದಿನಗಳ ಬಿಡುವಿನ ನಂತರ ಇವರೇ ಮತ್ತೆ ಬರುತ್ತಾರೆ. ಆಗ ಸಾಲು ಅದಲುಬದಲು. ಒಬ್ಬನದೇ ದೇಹ, ಒಂದೇ ಮಾತ್ರೆ, ಒಮ್ಮೆ ಉಪವಾಸ, ಒಮ್ಮೆ ಊಟ. ಊಟ ಏನು ಮಾಡುತ್ತದೆ ಎಂದು ತಿಳಿಯಲು ಇದಕ್ಕಿಂತ ನೇರವಾದ ದಾರಿ ಇಲ್ಲ.

ತಟ್ಟೆಯನ್ನು ಹತ್ತಿರದಿಂದ ನೋಡಿ. ದಪ್ಪಗೆ ಬೆಣ್ಣೆ ಸವರಿದ ಬ್ರೆಡ್, ಎಣ್ಣೆಯಲ್ಲಿ ಕರಿದ ಪನೀರ್, ಹುರಿದ ಆಲೂಗಡ್ಡೆ, ಕೆನೆ ತೆಗೆಯದ ಹಾಲು ಒಂದು ಲೋಟ. ಪ್ರತಿಯೊಂದನ್ನೂ ಅಡುಗೆಮನೆಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ಬಡಿಸಲಾಗಿದೆ. ಇದರ ಮೂಲ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಹೊರಡಿಸಿದ ಮಾರ್ಗಸೂಚಿ. ಅದರಲ್ಲಿ ಉದಾಹರಣೆಗೆ ಕೊಟ್ಟ ತಿಂಡಿ ಹೀಗಿದೆ: ಬೆಣ್ಣೆಯಲ್ಲಿ ಕರಿದ ಎರಡು ಮೊಟ್ಟೆ, ಎರಡು ಪಟ್ಟಿ ಹಂದಿಮಾಂಸದ ಬೇಕನ್, ಬೆಣ್ಣೆ ಹಚ್ಚಿದ ಎರಡು ಟೋಸ್ಟ್, ಹುರಿದ ಆಲೂಗಡ್ಡೆ, ಒಂದು ಲೋಟ ಗಟ್ಟಿ ಹಾಲು. ಒಟ್ಟು 800ರಿಂದ 1,000 ಕ್ಯಾಲೊರಿ. ಅದರಲ್ಲಿ ಸುಮಾರು ಅರ್ಧದಷ್ಟು, ಎಂದರೆ 500ರಿಂದ 600 ಕ್ಯಾಲೊರಿ, ಕೊಬ್ಬಿನಿಂದಲೇ ಬರಬೇಕು. ಕ್ಯಾಲೊರಿ ಲೆಕ್ಕ, ಊಟದ ಗಾತ್ರ ಮತ್ತು ಮಂದತೆ ಹೊಂದಿಕೆಯಾದರೆ ಪದಾರ್ಥ ಬದಲಿಸಬಹುದು. ಹಾಗಾಗಿಯೇ ಇಲ್ಲಿ ಬೇಕನ್ ಜಾಗಕ್ಕೆ ಪನೀರ್ ಬಂದಿದೆ.

“ಮೇಡಂ, ಇನ್ನೊಂದು ಸ್ಲೈಸ್ ಹೋಗ್ತಿಲ್ಲ,” ಎನ್ನುತ್ತಾನೆ ಮೂರನೇ ಮಂಚದ ಹುಡುಗ.

“ಹೋಗಲ್ಲ ಅನ್ನಂಗಿಲ್ಲಪ್ಪ, ನಿನ್ನೆನೇ ಹೇಳಿದ್ನಲ್ಲ? ಹಾಲು ಕುಡೀತಾ ಕುಡೀತಾ ತಿನ್ನು. ಇನ್ನೂ ಟೈಮಿದೆ,” ಎನ್ನುತ್ತಾರೆ ಡಯಟೀಷಿಯನ್. ಅವರ ಕಣ್ಣು ಗಡಿಯಾರದ ಮೇಲಿದೆ. ತಿನ್ನಲು ಶುರು ಮಾಡಿದ ಗಳಿಗೆಯಿಂದ ಮೂವತ್ತು ನಿಮಿಷದೊಳಗೆ ತಟ್ಟೆ ಖಾಲಿಯಾಗಬೇಕು, ಮೂವತ್ತನೇ ನಿಮಿಷಕ್ಕೆ ಸರಿಯಾಗಿ ಮಾತ್ರೆ.

ಬೆಳಗಾಗೆದ್ದು ಇಷ್ಟು ಕೊಬ್ಬು ಯಾರು ತಿನ್ನುತ್ತಾರೆ ಎಂದು ನಿಮಗೆ ಅನ್ನಿಸಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಇದು ಯಾರ ದಿನನಿತ್ಯದ ತಿಂಡಿಯನ್ನೂ ಅನುಕರಿಸಲು ಮಾಡಿದ್ದಲ್ಲ. ಹೊಟ್ಟೆ ಖಾಲಿಯಾಗುವುದನ್ನು ಅತಿ ಹೆಚ್ಚು ತಡ ಮಾಡುವುದು ಕೊಬ್ಬು. ಪಿತ್ತರಸವನ್ನು ಹೆಚ್ಚು ಸುರಿಸುವುದೂ ಅದೇ. ಮಾತ್ರೆಯ ಕಟ್ಟಡದಲ್ಲಿ ಎಲ್ಲಾದರೂ ಬಿರುಕಿದ್ದರೆ ಈ ತಟ್ಟೆಯ ಎದುರು ಅದು ಬಯಲಾಗುತ್ತದೆ. ಮಾತ್ರೆ ಕೆಡುವುದೇ ಆದರೆ ವೈದ್ಯರು ಪಕ್ಕದಲ್ಲಿರುವ ಈ ವಾರ್ಡಿನಲ್ಲಿ ಕೆಡಲಿ, ಹಬ್ಬದೂಟ ಮಾಡಿ ಮಲಗಿದ ರೋಗಿಯ ಮನೆಯಲ್ಲಿ ಬೇಡ ಎಂಬುದು ಇದರ ಹಿಂದಿನ ಕಾಳಜಿ.

ಎಂಟು ಗಂಟೆ. ಒಂದನೇ ಮಂಚದ ಮುಂದೆ ಸಿಸ್ಟರ್, ವೈದ್ಯರು, ಸಮಯ ಬರೆದುಕೊಳ್ಳುವವರು ನಿಂತಿದ್ದಾರೆ. ಲೋಟದಲ್ಲಿ ಅಳೆದ 240 ಮಿ.ಲೀ. ನೀರು. ಮಾತ್ರೆ ಬಿಳಿ, ಉದ್ದುದ್ದ, ಸುಮಾರು ಎರಡು ಸೆಂಟಿಮೀಟರು: ಮೆಟ್‌ಫಾರ್ಮಿನ್, ಹೆಸರಿನ ಹಿಂದೆ ಎಸ್‌ಆರ್, ಎಂದರೆ ಔಷಧವನ್ನು ನಿಧಾನಕ್ಕೆ ಬಿಡುವಂಥದ್ದು. ನಮ್ಮಲ್ಲಿ ಸಕ್ಕರೆ ಕಾಯಿಲೆಯವರ ಡಬ್ಬಿಯಲ್ಲಿ ಬಹುಶಃ ಅತಿ ಹೆಚ್ಚಾಗಿ ಸಿಗುವ ಮಾತ್ರೆ ಇದು. “ಕಚ್ಚಬೇಡಿ, ಜಗೀಬೇಡಿ, ಒಂದೇ ಸಲಕ್ಕೆ ನುಂಗಿ.” ಗುಟುಕು. “ಬಾಯಿ ತೆಗೀರಿ. ನಾಲಿಗೆ ಮೇಲೆತ್ತಿ.” ಟಾರ್ಚ್ ಬೆಳಕಲ್ಲಿ ದವಡೆ, ನಾಲಿಗೆಯ ಅಡಿ ಎಲ್ಲ ನೋಡಿ, ಕೈಯ ಬೆರಳು ಬಿಡಿಸಿ ನೋಡಿ, ಎರಡನೇ ಮಂಚಕ್ಕೆ. ನುಂಗಿದವರು ಮುಂದಿನ ಕೆಲವು ಗಂಟೆ ಮಲಗುವಂತಿಲ್ಲ, ನೆಟ್ಟಗೆ ಕೂತಿರಬೇಕು. ಮಲಗಿದರೆ, ಅದರಲ್ಲೂ ಎಡಮಗ್ಗುಲಿಗೆ ಹೊರಳಿದರೆ, ಮಾತ್ರೆ ಹೊಟ್ಟೆಯಿಂದ ಇಳಿಯುವ ವೇಗವೇ ಬದಲಾಗಬಹುದು.

ಇನ್ನು ಮುಂದೆ ಮಾತ್ರೆ ಕಣ್ಣಿಗೆ ಕಾಣುವುದಿಲ್ಲ. ಅದರ ತಂಗಿ ಮಾತ್ರೆಯನ್ನು, ಅದೇ ಬ್ಯಾಚಿನದನ್ನು, ಪ್ರಯೋಗಾಲಯದಲ್ಲಿ ನೋಡಬಹುದು. ಬನ್ನಿ. ಗಾಜಿನ ದುಂಡು ಪಾತ್ರೆ, ಮೈಶಾಖದಷ್ಟೇ ಬೆಚ್ಚಗಿನ, 37 ಡಿಗ್ರಿಯ ದ್ರವ, ಮೇಲಿನಿಂದ ಇಳಿಬಿಟ್ಟು ನಿಧಾನಕ್ಕೆ ತಿರುಗುವ ಲೋಹದ ಅಲಗು. ಮಾತ್ರೆ ತಳ ಮುಟ್ಟುತ್ತದೆ. ಸಾದಾ ಮಾತ್ರೆಯಾಗಿದ್ದರೆ ಇಷ್ಟು ಹೊತ್ತಿಗೆ ಬಿರಿದು ಪುಡಿಯಾಗಿ ನೀರು ಬೆಳ್ಳಗಾಗಿರುತ್ತಿತ್ತು. ಇದು ಹಾಗಾಗುವುದಿಲ್ಲ. ಹತ್ತು ನಿಮಿಷಕ್ಕೆ ಅದರ ಅಂಚು ಮಸುಕಾಗುತ್ತದೆ. ಅರ್ಧ ಗಂಟೆಗೆ ಸುತ್ತಲೂ ಪಾರದರ್ಶಕ ಪೊರೆ ಕಾಣುತ್ತದೆ, ನೀರಲ್ಲಿ ನೆನೆಸಿದ ಕಾಮಕಸ್ತೂರಿ ಬೀಜದ ಸುತ್ತ ಲೋಳೆ ಕಟ್ಟುವ ಹಾಗೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಮಾತ್ರೆ ಊದಿ ದಪ್ಪಗಾಗಿದೆ. ಹೊರಗೆ ಲೋಳೆ, ಒಳಗೆ ಇನ್ನೂ ಒಣಗಿದ ಬಿಳಿ ತಿರುಳು. ಸೆಲ್ಯುಲೋಸಿನಿಂದ ಮಾಡಿದ, ಹೈಪ್ರೊಮೆಲೋಸ್ ಎಂಬ ಪದಾರ್ಥದ ಕೆಲಸ ಇದು. ಔಷಧದ ಕಣಗಳು ಈ ಲೋಳೆಯ ದಾರಿ ದಾಟಿಯೇ ಹೊರಬರಬೇಕು. ಹೊರಗಿನ ಪದರ ಸವೆದಷ್ಟೂ ಒಳಗಿನದು ನೆನೆಯುತ್ತದೆ. ಗಂಟೆಗಟ್ಟಲೆ ಹೀಗೆಯೇ ನಡೆಯುತ್ತದೆ. ಎಸ್‌ಆರ್ ಎಂಬ ಎರಡಕ್ಷರದ ಒಳಗೆ ಇಷ್ಟೆಲ್ಲ ಇದೆ.

ಪಾತ್ರೆಯಲ್ಲಿ ಮಾತ್ರೆ ಒಂದೇ ಕಡೆ ಇರುತ್ತದೆ. ಮೈಯೊಳಗೆ ಅದು ನಡೆಯುತ್ತಿರುತ್ತದೆ. ಊಟದ ಪ್ರಶ್ನೆ ಎದ್ದೇಳುವುದೇ ಇಲ್ಲಿ.

ವಾರ್ಡಿಗೆ ವಾಪಸ್. ಒಂಬತ್ತೂವರೆ ದಾಟಿದೆ. ಬಲಸಾಲಿನ ಉಪವಾಸದವರ ಹೊಟ್ಟೆಯೊಳಗೆ ಈಗ ಏನಾಗುತ್ತಿದೆ? ಖಾಲಿ ಹೊಟ್ಟೆ ಸುಮ್ಮನಿರುವುದಿಲ್ಲ. ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಮೇಲಿನಿಂದ ಕೆಳಕ್ಕೆ ಬಲವಾದ ಸಂಕೋಚನದ ಅಲೆ ಹೊರಡುತ್ತದೆ. ಜಠರದ ಕೆಳಬಾಗಿಲು ಆಗ ಅಗಲವಾಗಿ ತೆರೆದು, ಅರಗದೆ ಉಳಿದದ್ದೆಲ್ಲ ಕರುಳಿಗೆ ಇಳಿಯುತ್ತದೆ. ಹಸಿದಾಗ ಹೊಟ್ಟೆ ಗುರುಗುಟ್ಟುವುದರಲ್ಲಿ ಇದರ ಪಾಲೂ ಇದೆ. ಎಂಟು ಗಂಟೆಗೆ ನುಂಗಿದ ಮಾತ್ರೆ ಇಂಥದೊಂದು ಅಲೆಗೆ ಸಿಕ್ಕರೆ ಅದು ಆಗಲೇ ಸಣ್ಣ ಕರುಳಿನಲ್ಲಿದೆ. ಲೋಳೆ ಕಟ್ಟಿದೆ, ಆದರೆ ಹೊತ್ತು ತಂದ ಔಷಧದ ಬಹುಪಾಲು ಇನ್ನೂ ಒಳಗೇ ಇದೆ.

ಎಡಸಾಲಿನಲ್ಲಿ ಕಥೆ ಬೇರೆ. ಬೆಣ್ಣೆ, ಪನೀರ್ ತುಂಬಿದ ಹೊಟ್ಟೆಯಲ್ಲಿ ಆ ಅಲೆಗಳು ನಿಂತಿವೆ. ಅರೆಯುವ ಕೆಲಸ ಶುರುವಾಗಿದೆ. ಉಂಡದ್ದು ಎರಡು ಮಿಲಿಮೀಟರಿಗಿಂತ ಸಣ್ಣದಾಗುವವರೆಗೂ ಜಠರ ಅದನ್ನು ಸಾಮಾನ್ಯವಾಗಿ ಕೆಳಗೆ ಬಿಡುವುದಿಲ್ಲ, ಹಿಂದಕ್ಕೆ ತಳ್ಳಿ ಮತ್ತೆ ಅರೆಯುತ್ತದೆ. ಲೋಳೆ ಕಟ್ಟಿ ಊದಿದ ಮಾತ್ರೆ ಅರೆದುಹೋಗುವಂಥದ್ದಲ್ಲ. ಹಾಗಾಗಿ ಊಟ ಖಾಲಿಯಾಗುವವರೆಗೂ ಅದು ಅಲ್ಲೇ ಉಳಿಯುತ್ತದೆ, ಸ್ವಲ್ಪ ಸ್ವಲ್ಪವೇ ಔಷಧವನ್ನು ಕೆಳಗೆ ಬಿಡುತ್ತಾ.

ಇದನ್ನು ಊಹೆಯಿಂದ ಹೇಳುತ್ತಿಲ್ಲ. 1980ರ ದಶಕದಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಮಾತ್ರೆಗಳಿಗೆ ಅತ್ಯಲ್ಪ ವಿಕಿರಣ ಸೂಸುವ ಧಾತು ಬೆರೆಸಿ, ನುಂಗಿದವರನ್ನು ಗಾಮಾ ಕ್ಯಾಮೆರಾದ ಮುಂದೆ ನಿಲ್ಲಿಸಿ, ಮಾತ್ರೆ ಎಲ್ಲಿದೆ ಎಂದು ಮತ್ತೆ ಮತ್ತೆ ಚಿತ್ರ ತೆಗೆದರು. ಡೇವಿಸ್, ಹಾರ್ಡಿ, ಫಾರಾ ಎಂಬ ಮೂವರು 1986ರಲ್ಲಿ ಆ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದ ಲೇಖನವನ್ನು ಈ ಕ್ಷೇತ್ರದವರು ಇಂದಿಗೂ ಓದುತ್ತಾರೆ. ಹೊಟ್ಟೆಯಿಂದ ಹೊರಡುವ ಹೊತ್ತು ಊಟಕ್ಕೆ ತಕ್ಕಂತೆ ಬಹಳ ಬದಲಾಗುತ್ತದೆ. ಆದರೆ ಸಣ್ಣ ಕರುಳಿಗೆ ಇಳಿದ ಮೇಲೆ ಉಂಡಿರಲಿ, ಉಪವಾಸವಿರಲಿ, ದೊಡ್ಡ ಮಾತ್ರೆಯಿರಲಿ, ಸಾಸಿವೆಯಂಥ ಕಾಳಿರಲಿ, ಅದನ್ನು ದಾಟಲು ಸುಮಾರು ಮೂರು ಗಂಟೆ. ಅಷ್ಟೇ ಸಮಯ. ಆಮೇಲೆ ದೊಡ್ಡ ಕರುಳು.

ಮೆಟ್‌ಫಾರ್ಮಿನ್‌ಗೆ ಈ ಮೂರು ಗಂಟೆಯೇ ಸಂಕಟ. ಅದು ರಕ್ತಕ್ಕೆ ಸೇರುವುದು ಮುಖ್ಯವಾಗಿ ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಬರಿ ಹೊಟ್ಟೆಯಲ್ಲಿ ನುಂಗಿದ ಮಾತ್ರೆ ಆ ಜಾಗವನ್ನು ಬೇಗ ಬೇಗ ದಾಟಿ ಕೆಳಗೆ ಹೋಗಿಬಿಡುತ್ತದೆ. ಆಮೇಲೆ ಬಿಟ್ಟ ಔಷಧ ಹೆಚ್ಚಾಗಿ ವ್ಯರ್ಥ. ಉಂಡ ಮೇಲೆ ನುಂಗಿದ್ದಾದರೆ ಮಾತ್ರೆ ಮೇಲೆಯೇ ನಿಂತು, ಸರಿಯಾದ ಜಾಗಕ್ಕೆ ಔಷಧವನ್ನು ಗಂಟೆಗಟ್ಟಲೆ ಕಳಿಸುತ್ತಿರುತ್ತದೆ.

ಸಿಸ್ಟರ್ ಟ್ರೇ ಹಿಡಿದು ಬಂದರು. ಪ್ರತಿ ಬಾರಿಯೂ ಕ್ಯಾನುಲಾದಿಂದ ಮೊದಲ ಹನಿಗಳನ್ನು ಚೆಲ್ಲಿ, ನಂತರದ ಕೆಲವು ಮಿಲಿಲೀಟರನ್ನು ನೇರಳೆ ಮುಚ್ಚಳದ ಕೊಳವೆಗೆ ತುಂಬಿಸುತ್ತಾರೆ. ಕೊಳವೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿ, ಕೆಂಪು ಕೆಳಗಿಳಿದು, ಮೇಲೆ ತೆಳು ಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಅದನ್ನು ಮೈನಸ್ 70 ಡಿಗ್ರಿಯ ಫ್ರೀಜರಿಗೆ ಸೇರಿಸುತ್ತಾರೆ. ಅರ್ಧ ಗಂಟೆಗೆ, ಗಂಟೆಗೆ, ಎರಡು ಗಂಟೆಗೆ, ಮೂರಕ್ಕೆ, ನಾಲ್ಕಕ್ಕೆ... ನಾಲ್ಕು ಗಂಟೆಯ ರಕ್ತ ಕೊಟ್ಟ ಮೇಲೆ ಎಲ್ಲರಿಗೂ ಮಧ್ಯಾಹ್ನದ ಊಟ. ಬಲಸಾಲಿನವರು ತಲೆಯೆತ್ತದೆ ಉಣ್ಣುತ್ತಾರೆ. ಮೂರನೇ ಮಂಚದ ಹುಡುಗ ಅನ್ನ ಕಲಸುತ್ತಾ ಕೂತಿದ್ದಾನೆ. ಬೆಳಗಿನ ಬೆಣ್ಣೆ ಇನ್ನೂ ಇಳಿದಿಲ್ಲ ಎನ್ನುತ್ತಾನೆ. ಅವನು ಹೇಳಿದ್ದು ಅಕ್ಷರಶಃ ನಿಜ.

ಮಧ್ಯಾಹ್ನ ಮೂರರ ಸುಮಾರಿಗೆ ತೆಗೆಯುವ ರಕ್ತಕ್ಕೆ ವಿಶೇಷ ಮಹತ್ವ. ಸಾದಾ ಮೆಟ್‌ಫಾರ್ಮಿನ್ ನುಂಗಿದ ಎರಡೂವರೆ ಗಂಟೆಯ ಸುಮಾರಿಗೆ ರಕ್ತದಲ್ಲಿ ತುದಿ ಮುಟ್ಟಿದರೆ, ನಿಧಾನದ ಮಾತ್ರೆ ಮುಟ್ಟುವುದು ಏಳು ಗಂಟೆಯ ಆಸುಪಾಸಿನಲ್ಲಿ. ಈ ವಾರ್ಡಿನ ಫಲಿತಾಂಶ ಬರಲು ವಾರಗಳು ಬೇಕು. ಆದರೆ ಅಮೆರಿಕದಲ್ಲಿ 2000ದಲ್ಲಿ ಒಪ್ಪಿಗೆ ಪಡೆದ ಮೊದಲ ನಿಧಾನ ಮೆಟ್‌ಫಾರ್ಮಿನ್‌ನ ಮಾಹಿತಿ ಪತ್ರದಲ್ಲಿ ಉತ್ತರ ಅಚ್ಚಾಗಿದೆ: ಊಟದ ಜೊತೆ ಕೊಟ್ಟಾಗ ರಕ್ತ ಸೇರಿದ ಒಟ್ಟು ಔಷಧ ಸುಮಾರು ಶೇ. 50ರಷ್ಟು ಹೆಚ್ಚು. ತುದಿಯ ಮಟ್ಟ ಏರಿಲ್ಲ, ತುದಿ ಮುಟ್ಟುವ ಸಮಯವೂ ಬದಲಾಗಿಲ್ಲ. ಅಪಾಯ ಹೆಚ್ಚದೆ ಲಾಭ ಮಾತ್ರ ಹೆಚ್ಚಿದೆ. ಮತ್ತೂ ಒಂದು ಮಾತಿದೆ, ನಮಗೆ ಅದು ಹೆಚ್ಚು ಮುಖ್ಯ: ಕೊಬ್ಬು ಹೆಚ್ಚಿರುವ ಊಟ, ಕಡಿಮೆಯಿರುವ ಊಟ ಎರಡರ ಪರಿಣಾಮವೂ ಒಂದೇ. ಎಂದರೆ ಇದಕ್ಕೆ ಬೇಕನ್ನೂ ಬೇಡ, ಬೆಣ್ಣೆಯೂ ಬೇಡ. ರಾತ್ರಿ ಒಂದು ಮುದ್ದೆ, ಸೊಪ್ಪಿನ ಸಾರು ಉಂಡವರ ಹೊಟ್ಟೆಯೂ ಊಟ ತುಂಬಿದ ಹೊಟ್ಟೆಯೇ. ಸಾದಾ ಮೆಟ್‌ಫಾರ್ಮಿನ್‌ನ ಲೆಕ್ಕ ಇದಕ್ಕೆ ತಿರುಗುಮುರುಗು. ಊಟದ ಜೊತೆ ಕೊಟ್ಟರೆ ಅದರ ತುದಿಯ ಮಟ್ಟ ಸುಮಾರು ಶೇ. 40, ಒಟ್ಟು ಹೀರುವಿಕೆ ಸುಮಾರು ಶೇ. 25 ಇಳಿಯುತ್ತದೆ, ಹೊಟ್ಟೆ ಕೆಡದಿರಲಿ ಎಂದಷ್ಟೇ ಅದನ್ನು ಊಟದ ಜೊತೆ ಕೊಡುವುದು. ಔಷಧ ಅದೇ, ಊಟ ಅದೇ. ಬದಲಾದದ್ದು ಮಾತ್ರೆಯ ಕಟ್ಟಡ.

ವಾರ್ಡಿನ ಮೂಲೆಯಲ್ಲಿ ಕೆಂಪು ಬಣ್ಣದ ತಳ್ಳುಗಾಡಿ ನಿಂತಿದೆ, ಎದೆಬಡಿತ ಸರಿಪಡಿಸುವ ಯಂತ್ರ, ಆಕ್ಸಿಜನ್, ತುರ್ತು ಚುಚ್ಚುಮದ್ದುಗಳ ಸಮೇತ. ಮೆಟ್‌ಫಾರ್ಮಿನ್ ದಿನ ಅದರ ಕಡೆ ಯಾರೂ ನೋಡುವುದಿಲ್ಲ. ಆದರೆ ಊಟ ಯಾವಾಗಲೂ ಇಷ್ಟು ಸಭ್ಯವಾಗಿ ವರ್ತಿಸುವುದಿಲ್ಲ ಎಂದು ಈ ವೃತ್ತಿಯಲ್ಲಿರುವವರಿಗೆ ಗೊತ್ತು. ಅದನ್ನು ಕಲಿಸಿದ್ದು ಥಿಯೋಫಿಲಿನ್ ಎಂಬ ಉಬ್ಬಸದ ಔಷಧ.

ಇನ್‌ಹೇಲರ್‌ಗಳು ಮನೆಮಾತಾಗುವ ಮೊದಲು ಉಬ್ಬಸಕ್ಕೆ ಅದೇ ಆಸರೆ. ನಮ್ಮಲ್ಲೂ ಹಳೆಯ ತಲೆಮಾರಿನವರು ‘ರಿಟಾರ್ಡ್’ ಎಂಬ ಬಾಲವಿದ್ದ ಆ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದ್ದಾರೆ. ಥಿಯೋಫಿಲಿನ್‌ಗೆ ಅಂಚು ಬಹಳ ಕಿರಿದು. ಒಂದು ಮಿಲಿಲೀಟರ್ ರಕ್ತದಲ್ಲಿ 10ರಿಂದ 20 ಮೈಕ್ರೊಗ್ರಾಂ ಇದ್ದರೆ ಉಸಿರು ಸಲೀಸು ಎಂದು ಆ ಕಾಲದ ಲೆಕ್ಕ. ಇಪ್ಪತ್ತು ದಾಟಿದರೆ ವಾಂತಿ, ತಲೆನೋವು, ಎದೆ ಡವಡವ. ಇನ್ನೂ ಏರಿದರೆ ಫಿಟ್ಸ್. ದಿನಕ್ಕೆ ಒಂದೇ ಸಲ ನುಂಗಿದರೆ ಸಾಕು ಎಂಬ ಥಿಯೋ–24 ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದು ರೋಗಿಗಳಿಗೆ ದೊಡ್ಡ ಅನುಕೂಲವೆನಿಸಿದ್ದು ಸಹಜ. ಇಪ್ಪತ್ತನಾಲ್ಕು ಗಂಟೆಯ ಔಷಧವನ್ನು ಒಂದೇ ಸಲ ಹೊಟ್ಟೆಗೆ ಇಳಿಸಿ, ಲೇಪನವನ್ನು ನಂಬಿ ಕೂರುವ ವ್ಯವಸ್ಥೆ ಅದು. ಕೊಬ್ಬು ತುಂಬಿದ ಬೆಳಗಿನ ತಿಂಡಿಯ ಜೊತೆ ಆ ನಂಬಿಕೆ ಮುರಿಯಿತು. ದಿನವಿಡೀ ಸಲ್ಲಬೇಕಾದ ಔಷಧದ ದೊಡ್ಡ ಪಾಲು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ನುಗ್ಗಿತು. 1985ರಲ್ಲಿ ಲೆಸ್ಲಿ ಹೆಂಡಲೆಸ್, ಮೈಲ್ಸ್ ವೈನ್‌ಬರ್ಗರ್ ಮತ್ತು ಸಂಗಡಿಗರು ‘ಚೆಸ್ಟ್’ ಪತ್ರಿಕೆಯಲ್ಲಿ ಇದನ್ನು ವಿವರವಾಗಿ ಬರೆದರು. ‘ಡೋಸ್ ಡಂಪಿಂಗ್’ ಎಂಬ ಮಾತು ಆ ಲೇಖನದ ಶೀರ್ಷಿಕೆಯಲ್ಲೇ ಇದೆ. ಹೆಚ್ಚಿನ ಪ್ರಮಾಣದಲ್ಲಿ ನುಂಗುವವರು ಕೊಬ್ಬಿನ ತಿಂಡಿಗೆ ಕನಿಷ್ಠ ಒಂದು ಗಂಟೆ ಮೊದಲೇ ಅದನ್ನು ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಆ ಔಷಧದ ಮಾಹಿತಿ ಪತ್ರಕ್ಕೆ ಸೇರಿತು.

ಅದೇ ಹೊತ್ತಿಗೆ ಡೆನ್ಮಾರ್ಕಿನಿಂದ ತದ್ವಿರುದ್ಧ ಸುದ್ದಿ. ಮಕ್ಕಳಿಗೆಂದು, ಆಹಾರದ ಮೇಲೆ ಉದುರಿಸಿ ಕೊಡಲು ಮಾಡಿದ ಸಣ್ಣ ಕಾಳುಗಳ ಥಿಯೋಫಿಲಿನ್ ಅನ್ನು ಊಟದ ಜೊತೆ ಕೊಟ್ಟಾಗ ಹೀರುವಿಕೆ ಕುಸಿಯುತ್ತದೆ ಎಂದು ಸೋರೆನ್ ಪೆಡರ್ಸನ್ 1984ರಲ್ಲಿ ತೋರಿಸಿದರು. ಊಟದಿಂದ ಒಂದರಲ್ಲಿ ಔಷಧ ಉಕ್ಕಿತು, ಇನ್ನೊಂದರಲ್ಲಿ ಬತ್ತಿತು. ಎರಡರೊಳಗೂ ಇದ್ದದ್ದು ಥಿಯೋಫಿಲಿನ್ನೇ. ಔಷಧದ ಹೆಸರು ನೋಡಿ ಊಟದ ಪರಿಣಾಮ ಹೇಳಲಾಗದು, ಪ್ರತಿಯೊಂದು ನಿಧಾನದ ಮಾತ್ರೆಯನ್ನೂ ತಟ್ಟೆಯ ಎದುರು ಕೂರಿಸಿಯೇ ನೋಡಬೇಕು ಎಂಬ ಶಿಸ್ತು ಬಲಗೊಂಡದ್ದು ಇಂಥ ಪೆಟ್ಟುಗಳಿಂದ. ಈ ವಾರ್ಡು, ಈ ಬೆಣ್ಣೆ, ಈ ಗಡಿಯಾರಗಳಿಗೆ ಕಾರಣ ಅದು.

ನಿನ್ನೆ ಸಂಜೆ ಬಾಗಿಲಲ್ಲಿ ಊದಿಸಿದ ಉಸಿರಿನ ಪರೀಕ್ಷೆಯ ಹಿಂದೆಯೂ ಒಂದು ಘಟನೆ ನೆನಪಾಗುತ್ತದೆ. ಪ್ಯಾಲಡೋನ್ ಎಂಬ ತೀವ್ರ ನೋವಿನ ನಿಧಾನ ಕ್ಯಾಪ್ಸೂಲ್ ಅಮೆರಿಕದ ಅಂಗಡಿಗಳಿಗೆ ಬಂದದ್ದು 2005ರ ಆರಂಭದಲ್ಲಿ, ಹಿಂದಕ್ಕೆ ಹೋದದ್ದು ಅದೇ ವರ್ಷದ ಜುಲೈನಲ್ಲಿ. ಗಟ್ಟಿ ಮದ್ಯದ ಜೊತೆ ನುಂಗಿದರೆ ಅದರ ನಿಧಾನ ಕರಗಿಹೋಗುತ್ತಿತ್ತು. ಶೇ. 40 ಮದ್ಯಸಾರವಿದ್ದ 240 ಮಿ.ಲೀ. ದ್ರವದ ಜೊತೆ ಕೊಟ್ಟಾಗ ರಕ್ತದಲ್ಲಿ ಔಷಧದ ತುದಿ ಸರಾಸರಿ ಆರು ಪಟ್ಟು ಏರಿತ್ತು, ಒಬ್ಬರಲ್ಲಂತೂ ಹದಿನಾರು ಪಟ್ಟು. ಅಫೀಮಿನ ವರ್ಗದ ಔಷಧದಲ್ಲಿ ಇಷ್ಟು ಏರಿಕೆ ಎಂದರೆ ಉಸಿರೇ ನಿಲ್ಲಬಹುದು.

ಒಪ್ಪಿಗೆ ಪತ್ರದ ಜೊತೆ ಕೊಡುವ ಪಟ್ಟಿಯಲ್ಲಿ ಇನ್ನೊಂದು ನಿಷೇಧವಿದೆ: ಕೆಲವು ದಿನ ಮೊದಲಿನಿಂದಲೇ ಗ್ರೇಪ್‌ಫ್ರೂಟ್, ಚಕ್ಕೋತ ತಿನ್ನಬಾರದು. ಕೆನಡಾದ ಲಂಡನ್ ಊರಿನಲ್ಲಿ ಡೇವಿಡ್ ಬೈಲಿ ಮತ್ತು ತಂಡದವರು ರಕ್ತದೊತ್ತಡದ ಫೆಲೋಡಿಪಿನ್ ಔಷಧದ ಮೇಲೆ ಮದ್ಯದ ಪ್ರಭಾವ ಪರೀಕ್ಷಿಸುವಾಗ, ಮದ್ಯದ ರುಚಿ ಗೊತ್ತಾಗದಿರಲಿ ಎಂದು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ಔಷಧದ ಮಟ್ಟ ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಏರಿತು. 1989ರಲ್ಲಿ ವರದಿಯಾದ ಆ ಏರಿಕೆಗೆ ಕಾರಣ ರಸ. ಕರುಳಿನ ಗೋಡೆಯಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಹಣ್ಣಿನ ಫ್ಯೂರನೊಕೂಮರಿನ್ ಎಂಬ ರಾಸಾಯನಿಕಗಳು ಕೆಡಿಸಿಬಿಡುತ್ತವೆ. ಮಾತ್ರೆ ಎಷ್ಟೇ ನಿಧಾನವಾಗಿ ಬಿಟ್ಟರೂ ಬಿಟ್ಟದ್ದೆಲ್ಲ ಒಡೆಯದೆ ಒಳಗೆ ಸೇರುತ್ತದೆ. ಗ್ರೇಪ್‌ಫ್ರೂಟ್ ನಮ್ಮ ಹಣ್ಣಲ್ಲ. ಆದರೆ ಚಕ್ಕೋತದಲ್ಲೂ ಅದೇ ರಾಸಾಯನಿಕಗಳಿವೆ, ಮತ್ತು ಈ ವಾರ್ಡಿನಿಂದ ಹೆಚ್ಚು ದೂರವೇನೂ ಇಲ್ಲದ ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಬಿಪಿ, ಕೊಲೆಸ್ಟ್ರಾಲ್ ಮಾತ್ರೆ ನುಂಗುವವರು ಆ ಹಣ್ಣನ್ನು ದಿನವೂ ತಿನ್ನುವುದಾದರೆ ವೈದ್ಯರಿಗೆ ಒಂದು ಮಾತು ಹೇಳಿಡಬೇಕು. ಎಲ್ಲ ಮಾತ್ರೆಗೂ ಇದು ತಾಗುವುದಿಲ್ಲ, ತಾಗುವ ಕೆಲವಕ್ಕೆ ಬಲವಾಗಿ ತಾಗುತ್ತದೆ.

ಈಗ ವಾರ್ಡಿನಿಂದ ಹೊರಗೆ ಬನ್ನಿ. ಸಂಜೆ ಏಳು ಗಂಟೆ, ಬಸ್‌ಸ್ಟ್ಯಾಂಡಿನ ಎದುರಿನ ಒಂದು ಮೆಡಿಕಲ್ ಶಾಪ್. ಕೌಂಟರಿನ ಮುಂದೆ ಐದಾರು ಜನ. ವಾರ್ಡಿನಲ್ಲಿ ಸೆಕೆಂಡಿನ ಲೆಕ್ಕ ಇಟ್ಟು ಕಂಡುಕೊಂಡದ್ದೆಲ್ಲ ರೋಗಿಗೆ ತಲುಪಬೇಕಾದ ಜಾಗ ಇದು. ಮಧ್ಯವಯಸ್ಸಿನ ಹೆಂಗಸು ಚೀಟಿ ಮುಂದಿಡುತ್ತಾರೆ. ಮಾತ್ರೆಯ ಹೆಸರು, ಎಸ್‌ಆರ್, ಪಕ್ಕದಲ್ಲಿ 0–0–1. ರಾತ್ರಿ ಒಂದು ಎಂದರ್ಥ. ಊಟದ ಮಾತು ಅದರಲ್ಲಿ ಎಲ್ಲೂ ಇಲ್ಲ.

“ಐದು ಕೊಡಣ್ಣ, ಸೋಮವಾರ ಬಂದು ಉಳಿದಿದ್ದು ತಗೊಂಡೋಗ್ತೀನಿ.”

ಕತ್ತರಿ ಸ್ಟ್ರಿಪ್ಪಿನ ನಡುವೆ ಹಾಯುತ್ತದೆ. ಅವರ ಕೈಗೆ ಬಂದ ಅರ್ಧವನ್ನು ಹತ್ತಿರದಿಂದ ನೋಡಿ. ಹೆಸರಿನ ಮೊದಲ ಅಕ್ಷರಗಳು ಇತ್ತ, ಎಸ್‌ಆರ್ ಅತ್ತ, ಅಂಗಡಿಯ ಡಬ್ಬಿಯಲ್ಲೇ ಉಳಿಯಿತು. ಇಡಿಯಾಗಿ ನುಂಗಬೇಕು, ಪುಡಿ ಮಾಡಬಾರದು, ಜಗಿಯಬಾರದು ಎಂದು ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿದ್ದ ಸಾಲೂ ಎರಡು ತುಂಡಾಗಿದೆ. ಐದು ಮಾತ್ರೆ ಕೊಳ್ಳುವವರಿಗೆ ಐದೇ ಕೊಡಬೇಕು. ಅದು ಅವರ ಕೈಯ ಹಣದ ಮಾತು, ಅದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ಮಾತ್ರೆಯ ಬೆನ್ನಿಗೂ ‘ಊಟದ ಜೊತೆ, ಇಡಿಯಾಗಿ’ ಎಂದು ಕನ್ನಡದಲ್ಲಿ ಮೂರು ಪದ ಅಚ್ಚು ಹಾಕುವುದು ಅಸಾಧ್ಯವಾದ ಕೆಲಸವಲ್ಲ. ಆ ಮೂರು ಪದಗಳು ಔಷಧದ ಭಾಗವೇ. ಅವಿಲ್ಲದೆ ಕೊಟ್ಟರೆ 1,000 ಮಿಲಿಗ್ರಾಂ ಎಂದು ಬರೆದಿದ್ದರೂ ರೋಗಿಗೆ ದಕ್ಕುವುದು ಅಷ್ಟರ ಲಾಭವಲ್ಲ.

ಅದೃಷ್ಟಕ್ಕೆ ಈ ಅಂಗಡಿಯ ಫಾರ್ಮಸಿಸ್ಟ್ ಕತ್ತರಿ ಕೆಳಗಿಟ್ಟು ಕೇಳುತ್ತಾರೆ, “ಅಮ್ಮ, ಇದನ್ನ ಯಾವಾಗ ತಗೋತೀರಾ?”

“ನನಗಲ್ಲ, ನಮ್ಮತ್ತೆಗೆ. ಮಲಗೋ ಮುಂಚೆ, ಹತ್ತು ಗಂಟೆಗೆ. ದೊಡ್ಡದು, ಗಂಟಲಲ್ಲಿ ಇಳಿಯಲ್ಲ ಅಂತ ಮುರ್ಕೊಂಡು ನುಂಗ್ತಾರೆ.”

“ಊಟ ಎಷ್ಟೊತ್ತಿಗೆ?”

“ಏಳೂವರೆಗೆಲ್ಲ ಆಗಿರತ್ತೆ.”

“ಹಾಗಾದ್ರೆ ಏಳೂವರೆಗೇ ಕೊಡಿ. ಊಟ ಮಾಡ್ತಾನೋ, ಕೈ ತೊಳೆದ ಕೂಡಲೇನೋ. ಹತ್ತರವರೆಗೆ ಇಡಬೇಡಿ. ಮುರೀಲೇಬೇಡಿ. ಮುರಿದ್ರೆ ನಿಧಾನಕ್ಕೆ ಬಿಡೋದು ಹೋಗಿ ಬೇಗ ಬಿಟ್ಬಿಡತ್ತೆ. ನುಂಗಕ್ಕೇ ಆಗಲ್ಲ ಅಂದ್ರೆ ಡಾಕ್ಟ್ರಿಗೆ ಹೇಳಿ, 500ರ ಸಣ್ಣ ಮಾತ್ರೆ ಬರ್ಕೊಡ್ತಾರೆ.”

“ಆ ಬಿಪಿ ಮಾತ್ರೆ ಅರ್ಧ ಮಾಡಿ ತಗೋ ಅಂತ ಡಾಕ್ಟ್ರೇ ಹೇಳಿದಾರಲ್ಲ? ಅದರ ಮೇಲೂ ಎಕ್ಸ್‌ಎಲ್ ಅಂತಿದೆ.”

“ಅದರ ಮಧ್ಯೆ ಗೀಟಿದೆ ನೋಡಿ. ಅದು ಮೆಟೊಪ್ರೊಲೋಲ್. ಒಳಗೆ ಸಣ್ಣ ಸಣ್ಣ ಕಾಳು, ಒಂದೊಂದಕ್ಕೂ ಬೇರೆ ಬೇರೆ ಲೇಪ. ಗೀಟಿನ ಮೇಲೆ ಮುರಿದ್ರೆ ಏನೂ ಆಗಲ್ಲ, ಅರೆದ್ರೆ ಮಾತ್ರ ಕೆಡತ್ತೆ. ಇದು ಹಂಗಲ್ಲ.”

ಹಿಂದೆ ನಿಂತ ಯುವಕ ಮಾತಿಗೆ ಸೇರುತ್ತಾನೆ. ಅವನ ತಂದೆಗೂ ಇದೇ ಮಾತ್ರೆ. ರಂಜಾನ್ ತಿಂಗಳಲ್ಲಿ ಏನು ಮಾಡುವುದು ಎಂದು ಕೇಳುತ್ತಾನೆ. ದಿನಕ್ಕೊಮ್ಮೆಯ ನಿಧಾನದ ಮೆಟ್‌ಫಾರ್ಮಿನ್ ಆದರೆ ಇಫ್ತಾರ್ ಊಟದ ಜೊತೆ ಕೊಡುವುದು ರೂಢಿಯಲ್ಲಿರುವ ಸಲಹೆ, ಆದರೆ ಬೇರೆ ಸಕ್ಕರೆ ಮಾತ್ರೆ, ಇನ್ಸುಲಿನ್ ಇದ್ದರೆ ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು ಎಂದು ಫಾರ್ಮಸಿಸ್ಟ್ ಹೇಳುತ್ತಾರೆ. ಹೆಂಗಸಿಗೆ ಅತ್ತೆಯ ಏಕಾದಶಿ ನೆನಪಾಗುತ್ತದೆ. ಆ ದಿನ ಊಟವಿಲ್ಲವೆಂದು ಅವರು ಮಾತ್ರೆಯನ್ನೂ ಬಿಡುತ್ತಾರೆ. ಬಿಡಬೇಕೇ, ರಾತ್ರಿಯ ಅವಲಕ್ಕಿ–ಹಣ್ಣಿನ ಜೊತೆ ಕೊಡಬೇಕೇ ಎಂಬುದು ಅವರ ಕಿಡ್ನಿ ಹೇಗಿದೆ, ಇನ್ನೇನು ಮಾತ್ರೆ ಇದೆ ಎಂಬುದರ ಮೇಲಿದೆ. “ಅದನ್ನ ಮಾತ್ರ ನಾನು ಹೇಳಲ್ಲ, ಡಾಕ್ಟ್ರನ್ನೇ ಕೇಳಿ,” ಎನ್ನುತ್ತಾರೆ ಫಾರ್ಮಸಿಸ್ಟ್. ಸರಿಯಾದ ಉತ್ತರ ಅದೇ.

ಅವರು ಪೆನ್ನು ತೆಗೆದು ಮಾತ್ರೆ ಹಾಕಿದ ಕಾಗದದ ಕವರಿನ ಮೇಲೆ ‘ರಾತ್ರಿ ಊಟದ ಜೊತೆ, ಮುರಿಯಬಾರದು’ ಎಂದು ದೊಡ್ಡದಾಗಿ ಬರೆಯುತ್ತಾರೆ. ಹೆಂಗಸು ಹೊರಟವರು ನಿಂತು, ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ: ಬೆಳಗ್ಗೆ ಕಕ್ಕಸಿನಲ್ಲಿ ಮಾತ್ರೆಯ ತುಂಡು ಹಾಗೇ ಬಿದ್ದದ್ದು ಕಂಡಿತಂತೆ, ಔಷಧ ಹಿಡಿದೇ ಇಲ್ಲ ಎಂದು ಅತ್ತೆ ಗಾಬರಿಯಾಗಿದ್ದಾರೆ.

“ಅದು ಖಾಲಿ ಲೋಳೆ ಅಮ್ಮ, ಒಳಗಿನ ಔಷಧ ಆಗಲೇ ಹೋಗಿರತ್ತೆ. ಮೆತ್ತಗೆ, ಊದ್ಕೊಂಡಿದ್ರೆ ಭಯ ಬೇಡ. ಭೇದಿ, ವಾಂತಿ ಶುರುವಾಗಿ ನೀರೂ ನಿಲ್ತಿಲ್ಲ ಅಂದ್ರೆ ಮಾತ್ರೆ ಕೊಡೋ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ.” ಅಷ್ಟು ಹೇಳಿ ಅವರು ಮುಂದಿನ ಚೀಟಿ ತೆಗೆದುಕೊಳ್ಳುತ್ತಾರೆ.